60:40 ಅಂಕಗಳ ಲೆಕ್ಕ: ಮುಂಬೈ ವಿವಿ ವಿದ್ಯಾರ್ಥಿಗಳು ಬರೆಯುತ್ತಾರೆ, ಓದುವವರು ಯಾರು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಥಾಣೆ, ಡೊಂಬಿವಲಿ, ಕಲ್ಯಾಣ್ ಸ್ಟೇಷನ್ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ನೂಕುನುಗ್ಗಲು. ಕೈಯಲ್ಲಿ ಪೆನ್ ಡ್ರೈವ್, ಮೊಬೈಲ್‌ನಲ್ಲಿ ಪಿಡಿಎಫ್, ಬಾಯಲ್ಲಿ ಒಂದೇ ಮಾತು: 'ನಾಳೆ ಸಬ್ಮಿಶನ್'. ಮುಂಬೈ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಬ್ಲ್ಯಾಕ್ ಬುಕ್' ಎಂದು ಕರೆಯುವ ಕಪ್ಪು ರಟ್ಟಿನ ಪ್ರಾಜೆಕ್ಟ್ ಪುಸ್ತಕಗಳು ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಸಿದ್ಧವಾಗುತ್ತವೆ. ಹಿಂದಿನ ವರ್ಷದ ಪ್ರತಿಯಲ್ಲಿ ಹೆಸರು ಮತ್ತು ರೋಲ್ ನಂಬರ್ ಬದಲಿಸಿದರೆ ಕೆಲಸ ಮುಗಿಯಿತು ಎಂಬ ಮಾತು ಕ್ಯಾಂಪಸ್‌ಗಳಲ್ಲಿ ಹಳೆಯದು.

ಇಷ್ಟು ದಿನ ಇದು ತಮಾಷೆಯ ವಿಷಯವಾಗಿತ್ತು. ಈಗ ಹಾಗಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದಿರುವ ಹೊಸ ಪದವಿ ಪದ್ಧತಿಯಲ್ಲಿ 100 ಅಂಕಗಳ ಪೈಕಿ 40 ಅಂಕ ಕಾಲೇಜಿನೊಳಗಿನ ಆಂತರಿಕ ಮೌಲ್ಯಮಾಪನಕ್ಕೆ ಸೇರಿದೆ. ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಉಳಿದಿರುವುದು 60. 50 ಅಂಕಗಳ ಪತ್ರಿಕೆಯಾದರೆ 30:20. ಅಂದರೆ ಪದವಿ ಪ್ರಮಾಣಪತ್ರದ ಐದರಲ್ಲಿ ಎರಡು ಪಾಲು, ವಿದ್ಯಾರ್ಥಿ ವರ್ಷವಿಡೀ ಏನು ಮಾಡಿದ, ಏನು ಬರೆದ ಎಂಬುದರ ಮೇಲೆ ನಿಂತಿದೆ.

ಈ 40 ಅಂಕ ನಿಜವಾದ ಓದು-ಬರಹಕ್ಕೆ ಸಿಗುತ್ತದೆಯೋ ಅಥವಾ ಜೆರಾಕ್ಸ್ ಅಂಗಡಿಯ ಪಾಲಾಗುತ್ತದೆಯೋ ಎಂಬುದೇ ಈಗಿನ ಪ್ರಶ್ನೆ. ವಿದ್ಯಾರ್ಥಿಗಳಿಂದ ವಾರವಾರ ಬರೆಸಬೇಕು, ನೋಟ್‌ಬುಕ್‌ನಲ್ಲೋ ಬ್ಲಾಗ್‌ನಲ್ಲೋ ಬರೆಸಿ ಅದಕ್ಕೇ ಅಂಕ ಕೊಡಬೇಕು ಎಂಬ ಸಲಹೆ ಹಳೆಯದು. ಸಲಹೆ ಒಳ್ಳೆಯದೇ. ಆದರೆ ಬರೆಸುವುದು ಸುಲಭ, ಬರೆದದ್ದನ್ನು ಓದುವುದು ಕಷ್ಟ. ಗಂಟು ಇರುವುದು ಅಲ್ಲಿ.

ಪರೀಕ್ಷೆಗಾಗಿಯೇ ಹುಟ್ಟಿದ ವಿಶ್ವವಿದ್ಯಾಲಯ

ಮುಂಬೈ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ, ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ. ಪಾಠ ಮಾಡುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಆರಂಭದ ದಶಕಗಳಲ್ಲಿ ಅದು ಮುಖ್ಯವಾಗಿ ಪರೀಕ್ಷಾ ಸಂಸ್ಥೆಯೇ ಆಗಿತ್ತು. ನ್ಯಾಯಮೂರ್ತಿ ಎಂ.ಜಿ. ರಾನಡೆ, ಆರ್.ಜಿ. ಭಂಡಾರ್ಕರ್ ಸೇರಿದ್ದ 1862ರ ಮೊದಲ ಪದವೀಧರರ ತಂಡದಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಮಂದಿ. ಅವರ ಉತ್ತರ ಪತ್ರಿಕೆ ಓದುವುದು ಯಾರಿಗೂ ಹೊರೆಯಾಗಿರಲಿಕ್ಕಿಲ್ಲ.

ಕನ್ನಡಿಗರಿಗೂ ಈ ವ್ಯವಸ್ಥೆಯ ನಂಟು ಹಳೆಯದು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ದಶಕಗಳ ಕಾಲ ಮುಂಬೈ ವಿವಿಯ ಅಧೀನದಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದೂ ಮುಂಬೈಯಲ್ಲೇ, ಧಾರವಾಡಕ್ಕೆ ಹೋದದ್ದು ಆಮೇಲೆ.

ಇಂದು ಮುಂಬೈ ನಗರ ಮತ್ತು ಉಪನಗರ, ಥಾಣೆ, ಪಾಲ್ಘರ್, ರಾಯಗಡ, ರತ್ನಗಿರಿ, ಸಿಂಧುದುರ್ಗ ಜಿಲ್ಲೆಗಳ ನೂರಾರು ಕಾಲೇಜುಗಳು ಇದರ ವ್ಯಾಪ್ತಿಯಲ್ಲಿವೆ. ನಗರ ಉತ್ತರಕ್ಕೂ ಪೂರ್ವಕ್ಕೂ ಬೆಳೆದಂತೆ ವಿದ್ಯಾರ್ಥಿಗಳೂ ಆ ಕಡೆ ಸರಿದಿದ್ದಾರೆ. ಥಾಣೆ ಮತ್ತು ಕಲ್ಯಾಣ್‌ಗಳಲ್ಲಿ ವಿವಿಯೇ ಉಪಕೇಂದ್ರಗಳನ್ನು ತೆರೆದಿದೆ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಾಣಿಜ್ಯ ಕಾಲೇಜು ಈ ಭಾಗದ ಕನ್ನಡಿಗರಿಗೆ ಪರಿಚಿತ ಹೆಸರು.

2017 ಕಲಿಸಿದ ಪಾಠ

ಓದುವವರ ಕೊರತೆ ಎಂದರೆ ಏನೆಂದು ಮುಂಬೈ ವಿವಿಗೆ ಗೊತ್ತಾದದ್ದು 2017ರ ಬೇಸಿಗೆಯಲ್ಲಿ. ಆ ವರ್ಷ ಎಲ್ಲ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿಯನ್ನು ಒಮ್ಮೆಗೇ ಜಾರಿಗೆ ತರಲಾಯಿತು. 477 ಪರೀಕ್ಷೆಗಳು, ಸುಮಾರು 17 ಲಕ್ಷ ಉತ್ತರ ಪತ್ರಿಕೆಗಳು. ಕುಲಾಧಿಪತಿಯೂ ಆಗಿದ್ದ ಅಂದಿನ ರಾಜ್ಯಪಾಲ ಸಿ. ವಿದ್ಯಾಸಾಗರ ರಾವ್ ಅವರು ಜುಲೈ 31ರ ಗಡುವು ಕೊಟ್ಟರು. ಗಡುವು ಮೀರಿತು. ಪಾಠ ನಿಲ್ಲಿಸಿ ಅಧ್ಯಾಪಕರನ್ನು ಮೌಲ್ಯಮಾಪನಕ್ಕೆ ಕೂರಿಸಲಾಯಿತು, ಹೊರಗಿನ ವಿವಿಗಳ ಅಧ್ಯಾಪಕರ ನೆರವನ್ನೂ ಪಡೆಯಲಾಯಿತು.

ಫಲಿತಾಂಶ ತಡವಾಗಿ ಉನ್ನತ ವ್ಯಾಸಂಗಕ್ಕೆ ಹೊರಟಿದ್ದವರು ಪರದಾಡಿದರು. ಪತ್ತೆಯಾಗದ ಉತ್ತರ ಪತ್ರಿಕೆಗಳಿಗೆ ಸರಾಸರಿ ಅಂಕ ಕೊಡಬೇಕಾಯಿತು. ಅಕ್ಟೋಬರ್ 24ರಂದು ಕುಲಪತಿ ಸಂಜಯ್ ದೇಶಮುಖ್ ಅವರನ್ನು ಹುದ್ದೆಯಿಂದ ವಜಾ ಮಾಡಲಾಯಿತು.

ಅಂದು ಎಲ್ಲರ ಸಿಟ್ಟು ತಿರುಗಿದ್ದು ತಂತ್ರಜ್ಞಾನದ ಮೇಲೆ. ಆದರೆ ಸ್ಕ್ಯಾನರ್ ಎಷ್ಟೇ ವೇಗವಾಗಿದ್ದರೂ ಕೊನೆಗೆ ಒಬ್ಬ ಅಧ್ಯಾಪಕ ಕುಳಿತು ಪುಟ ಓದಲೇಬೇಕು. ಬರಹದ ಹರಿವು ಹೆಚ್ಚಿಸಿ ಓದುವ ಸಮಯ ಹೆಚ್ಚಿಸದಿದ್ದರೆ ಎಲ್ಲಾದರೂ ಒಂದು ಕಡೆ ಅದು ಕಟ್ಟಿಕೊಳ್ಳುತ್ತದೆ. 40 ಅಂಕಗಳ ಹೊಸ ವ್ಯವಸ್ಥೆಗೂ ಈ ಮಾತು ಅನ್ವಯವಾಗುತ್ತದೆ.

ಅಂಕ ಏರಿತು, ಇಳಿಯಿತು, ಮತ್ತೆ ಏರಿತು

ಆಂತರಿಕ ಅಂಕ ಮುಂಬೈಗೆ ಹೊಸದಲ್ಲ. 2011–12ರಲ್ಲಿ ಕ್ರೆಡಿಟ್ ಆಧಾರಿತ ಸೆಮಿಸ್ಟರ್ ಪದ್ಧತಿ ಬಂದಾಗಲೂ 60:40 ಇತ್ತು. ನಂತರ ಅದು 75:25ಕ್ಕೆ ಇಳಿಯಿತು. 2016–17ರಲ್ಲಿ ಬಿಎ, ಬಿಎಸ್‌ಸಿ, ಬಿಕಾಂನಂಥ ಸಾಂಪ್ರದಾಯಿಕ ಕೋರ್ಸ್‌ಗಳಲ್ಲಿ ಆಂತರಿಕ ಅಂಕವನ್ನೇ ಕೈಬಿಟ್ಟು 100 ಅಂಕಗಳ ಪರೀಕ್ಷೆಗೆ ಮರಳಲಾಯಿತು. ಈಗ ಮತ್ತೆ 60:40. ಸ್ವಾಯತ್ತ ಕಾಲೇಜುಗಳಲ್ಲಿ 2023–24ರಿಂದ, ಉಳಿದ ಸಂಯೋಜಿತ ಕಾಲೇಜುಗಳಲ್ಲಿ 2024–25ರಿಂದ ಹೊಸ ನೀತಿ ಜಾರಿಯಲ್ಲಿದೆ.

ಇದೇ ಹೊತ್ತಿಗೆ ಕರ್ನಾಟಕ ಎದುರು ದಿಕ್ಕಿಗೆ ತಿರುಗಿತು. ಎನ್‌ಇಪಿಯನ್ನು 2021–22ರಲ್ಲೇ ಜಾರಿಗೆ ತಂದಿದ್ದ ರಾಜ್ಯದಲ್ಲಿ ಆಗ 60:40 ಇತ್ತು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮೂರು ವರ್ಷದ ಪದವಿಗೆ ಮರಳಲಾಯಿತು, ಅಂಕಗಳ ಹಂಚಿಕೆ 80:20 ಆಯಿತು. ಅಂದರೆ ಒಂದೇ ವರ್ಷ ಪದವಿಗೆ ಸೇರಿದ ಇಬ್ಬರು ಕನ್ನಡದ ಮಕ್ಕಳಲ್ಲಿ, ಮಂಗಳೂರಿನ ಹುಡುಗಿಗೆ ಅಧ್ಯಾಪಕರ ಕೈಯಲ್ಲಿರುವ ಅಂಕ 20, ಡೊಂಬಿವಲಿಯ ಅವಳ ಚಿಕ್ಕಪ್ಪನ ಮಗನಿಗೆ 40.

ಯಾವುದು ಸರಿ? ಎರಡೂ ಕಡೆ ವಾದವಿದೆ. ಆಂತರಿಕ ಅಂಕವನ್ನು ಕಾಲೇಜುಗಳು ಕೈತುಂಬ ಕೊಡುತ್ತವೆ, ಪರೀಕ್ಷೆಯಲ್ಲಿ ಕುಸಿದವರನ್ನು ಮೇಲೆತ್ತಲು ಬಳಸುತ್ತವೆ ಎಂಬ ದೂರು ಮೊದಲಿನಿಂದಲೂ ಇದೆ. ಮೂರು ಗಂಟೆಯ ಪರೀಕ್ಷೆ ಗೈಡ್ ಕಂಠಪಾಠ ಮಾಡಿದವರಿಗೇ ಅನುಕೂಲ ಎಂಬ ದೂರೂ ಅಷ್ಟೇ ಹಳೆಯದು. 20ರಿಂದ 40, 40ರಿಂದ 20 ಎಂದು ಸಂಖ್ಯೆ ಬದಲಿಸಿದರೆ ಇವೆರಡೂ ದೂರುಗಳು ತೀರುವುದಿಲ್ಲ. ಆ ಅಂಕ ಯಾವ ಕೆಲಸಕ್ಕೆ ಸಿಗುತ್ತದೆ ಎಂಬುದು ಬದಲಾಗಬೇಕು.

ವಾರದ ಬರಹ ಏಕೆ ಬೇಕು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 1970ರ ದಶಕದಿಂದ ಒಂದು ಚಿಂತನೆ ಬೆಳೆದು ಬಂದಿದೆ. ಬರವಣಿಗೆ ಕಲಿಸುವುದು ಭಾಷಾ ಅಧ್ಯಾಪಕರಿಗೆ ಮಾತ್ರ ಸೇರಿದ್ದಲ್ಲ. ಗಣಿತ, ರಸಾಯನಶಾಸ್ತ್ರ, ಲೆಕ್ಕಶಾಸ್ತ್ರದ ತರಗತಿಯಲ್ಲೂ ವಿದ್ಯಾರ್ಥಿ ಬರೆಯುತ್ತಲೇ ಕಲಿಯುತ್ತಾನೆ ಎಂಬುದು ಅದರ ತಿರುಳು. ವರ್ಜೀನಿಯಾದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯ 2013ರಿಂದ ವಿದ್ಯಾರ್ಥಿಗಳಿಗೆ ಸ್ವಂತ ವೆಬ್ ವಿಳಾಸವನ್ನೇ ಕೊಟ್ಟು ಅಲ್ಲಿ ಬರೆಯಲು ಬಿಟ್ಟಿತು.

ಈ ರೀತಿಯ ಬರಹಕ್ಕೂ ಪರೀಕ್ಷೆಯ ಉತ್ತರಕ್ಕೂ ಇರುವ ಮುಖ್ಯ ವ್ಯತ್ಯಾಸ ಓದುಗನದ್ದು. ಪರೀಕ್ಷೆಯ ಉತ್ತರವನ್ನು ಅಪರಿಚಿತನೊಬ್ಬ ಒಮ್ಮೆ ಓದಿ ಅಂಕ ಹಾಕಿ ಬದಿಗಿಡುತ್ತಾನೆ. ಬರೆದವನಿಗೆ ತಾನು ಎಲ್ಲಿ ಎಡವಿದೆ ಎಂಬುದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ವಾರದ ಬರಹವನ್ನು ಸಹಪಾಠಿಗಳು ಓದುತ್ತಾರೆ, ಅಧ್ಯಾಪಕರು ಓದಿ ಒಂದು ಮಾತು ಹೇಳುತ್ತಾರೆ, ಮುಂದಿನ ವಾರ ಅದನ್ನು ತಿದ್ದುವ ಅವಕಾಶ ಇರುತ್ತದೆ. ಕಲಿಕೆ ನಡೆಯುವುದು ತಿದ್ದುವಾಗ.

ಊರೇ ಪಠ್ಯ

ಈ ಪಟ್ಟಣಗಳಲ್ಲಿ ಬರೆಯಲು ವಿಷಯಕ್ಕೆ ಕೊರತೆಯಿಲ್ಲ. ಡೊಂಬಿವಲಿಯ ಎಂಐಡಿಸಿ ಪ್ರದೇಶದ ಕಾರ್ಖಾನೆಗಳಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ಭಾರೀ ಸ್ಫೋಟಗಳು ನಡೆದು ಹಲವರು ಪ್ರಾಣ ಕಳೆದುಕೊಂಡರು. ಆ ರಸ್ತೆಯಲ್ಲೇ ಕಾಲೇಜಿಗೆ ಹೋಗುವ ರಸಾಯನಶಾಸ್ತ್ರದ ವಿದ್ಯಾರ್ಥಿನಿ 'ರಿಯಾಕ್ಟರ್‌ನಲ್ಲಿ ಒತ್ತಡ ಏಕೆ ಏರುತ್ತದೆ' ಎಂದು ಮುನ್ನೂರು ಪದಗಳಲ್ಲಿ ಬರೆದರೆ ಅದು ಪಠ್ಯಕ್ಕೂ ಹೊರತಲ್ಲ, ಅವಳ ಬದುಕಿಗೂ ಹೊರತಲ್ಲ.

ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯಕ್ಕೆ 2022ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಜೀವಶಾಸ್ತ್ರದ ತರಗತಿಗೆ ಇದಕ್ಕಿಂತ ಹತ್ತಿರದ ಪ್ರಯೋಗಾಲಯ ಬೇಡ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಇಳಿದ ದಿನವೂ ತನ್ನ ಬೀದಿಯ ಅಂಗಡಿಯಲ್ಲಿ ಅದು ಏಕೆ ಇಳಿಯಲಿಲ್ಲ ಎಂಬುದು ಬಿಕಾಂ ವಿದ್ಯಾರ್ಥಿಗೆ ಒಂದು ಸೆಮಿಸ್ಟರ್‌ಗೆ ಸಾಕಾಗುವ ವಿಷಯ. ಸಿಡ್ಕೋ ಸಂಸ್ಥೆ 1970ರಲ್ಲಿ ಶುರುವಾಗಿ ಹಳ್ಳಿಗಳ ಜಮೀನಿನ ಮೇಲೆ ನವಿ ಮುಂಬೈ ಕಟ್ಟಿದ ಕಥೆ ಅಲ್ಲಿನ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ.

ಕನ್ನಡಿಗರ ಮನೆಗಳಲ್ಲೂ ಇಂಥ ಕಥೆಗಳು ಬೇಕಾದಷ್ಟಿವೆ. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹಗಲು ಹೋಟೆಲ್‌ನಲ್ಲಿ ದುಡಿದು, ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರು ಈಗ ಅಜ್ಜಂದಿರಾಗಿದೆ. ಹೋಟೆಲ್ ಗಲ್ಲಾಪೆಟ್ಟಿಗೆಯ ಲೆಕ್ಕ, ಊರಿಗೆ ಕಳಿಸಿದ ಮನಿಯಾರ್ಡರ್, ಪಾಲುದಾರಿಕೆಯ ಕರಾರು ಇವೆಲ್ಲ ವಾಣಿಜ್ಯದ ಪಾಠಗಳೇ. ಮೊಮ್ಮಗ ಕೂತು ಕೇಳಿ ಬರೆದರೆ ಅದರ ಪ್ರತಿ ಯಾವ ಜೆರಾಕ್ಸ್ ಅಂಗಡಿಯಲ್ಲೂ ಸಿಗುವುದಿಲ್ಲ.

ಹೊಸ ಪದ್ಧತಿಯಲ್ಲಿ ಕ್ಷೇತ್ರ ಅಧ್ಯಯನ, ಸಮುದಾಯದ ಜೊತೆಗಿನ ಕೆಲಸ, ಉದ್ಯೋಗ ಸ್ಥಳದಲ್ಲಿ ತರಬೇತಿ ಇವುಗಳಿಗೂ ಕ್ರೆಡಿಟ್ ಇದೆ. ಬೇರೆ ಬೇರೆಯಾಗಿ ಮಾಡಿದರೆ ಇವೂ ಒಂದೊಂದು ಬ್ಲ್ಯಾಕ್ ಬುಕ್ ಆಗುವ ಅಪಾಯವಿದೆ. ವಾರದ ಬರಹದ ದಾರದಲ್ಲಿ ಪೋಣಿಸಿದರೆ ಪರಸ್ಪರ ಆಧಾರವಾಗುತ್ತವೆ.

ಚಾಟ್‌ಜಿಪಿಟಿ ಬಂದ ಮೇಲೆ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಮನೆಯಲ್ಲಿ ಬರೆದು ತರುವ ಯಾವ ಕೆಲಸವೂ ಮೊದಲಿನಂತೆ ಉಳಿದಿಲ್ಲ. ಪ್ರಾಜೆಕ್ಟ್ ಬರೆಯಲು ಈಗ ಹಳೆಯ ಪ್ರತಿಯೂ ಬೇಕಿಲ್ಲ. ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಯಬಹುದು ಎಂಬ ನಂಬಿಕೆಯೂ ಗಟ್ಟಿಯಾಗಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅಂಥ ಸಾಧನದ ವರದಿ ನಂಬಿ ವಿದ್ಯಾರ್ಥಿಯ ಅಂಕ ಕತ್ತರಿಸುವುದು ಅನ್ಯಾಯಕ್ಕೆ ದಾರಿ.

ಹಾಗಾದರೆ ವರ್ಷವಿಡೀ ಬರೆಸುವುದೇ ವ್ಯರ್ಥವೇ? ಹಾಗಲ್ಲ. ಸೆಮಿಸ್ಟರ್ ಕೊನೆಯಲ್ಲಿ ಒಮ್ಮೆಗೇ ಬರುವ ಐವತ್ತು ಪುಟಗಳ ಪ್ರಾಜೆಕ್ಟ್‌ನಲ್ಲಿ ಮೋಸ ಸುಲಭ. ವಾರವಾರ ಬರುವ ಒಂದು ಪುಟದಲ್ಲಿ ಅದು ಕಷ್ಟ. ಮೊದಲ ಕರಡನ್ನು ತರಗತಿಯಲ್ಲೇ ಇಪ್ಪತ್ತು ನಿಮಿಷದಲ್ಲಿ ಕೈಯಿಂದ ಬರೆಸಬಹುದು. ಮನೆಯಲ್ಲಿ ತಿದ್ದಿ ತಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. 'ಈ ಸಾಲು ಏಕೆ ತೆಗೆದೆ?', 'ಈ ದರ ಯಾವ ಅಂಗಡಿಯದ್ದು?' ಎಂದು ಎರಡು ನಿಮಿಷ ಕೇಳಿದರೆ ಬರೆದವರು ಯಾರೆಂದು ತಿಳಿಯುತ್ತದೆ. ಕೆಲವು ವಾರಗಳಲ್ಲಿ ಪ್ರತಿ ವಿದ್ಯಾರ್ಥಿಯ ದನಿ ಅಧ್ಯಾಪಕರಿಗೆ ಪರಿಚಯವಾಗುತ್ತದೆ. ದನಿ ದಿಢೀರನೆ ಬದಲಾದರೆ ಅದೂ ತಿಳಿಯುತ್ತದೆ.

ಲೆಕ್ಕ ಹಾಕಿ ನೋಡಿದರೆ

ಇಷ್ಟೆಲ್ಲ ಆಗಬೇಕಾದರೆ ಒಬ್ಬ ಅಧ್ಯಾಪಕ ಕುಳಿತು ಓದಬೇಕು. ಒಂದು ತರಗತಿಯಲ್ಲಿ 120 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಒಬ್ಬೊಬ್ಬರ ಬರಹಕ್ಕೆ ಐದು ನಿಮಿಷ ಕೊಟ್ಟರೂ ಒಂದು ಸುತ್ತಿಗೆ 10 ಗಂಟೆ. ಅಂಥ ಮೂರು ತರಗತಿಗಳಿದ್ದರೆ ವಾರಕ್ಕೆ 30 ಗಂಟೆ ಬರೀ ಓದು. ಪಾಠ, ಪ್ರಯೋಗಾಲಯ, ನ್ಯಾಕ್ ಕಡತ, ಪ್ರವೇಶಾತಿ ಕೆಲಸ ಬೇರೆ. ಇದು ಆಗದ ಮಾತು.

ಅದರ ಮೇಲೆ ಮಹಾರಾಷ್ಟ್ರದ ಕಾಲೇಜುಗಳಲ್ಲಿ ಖಾಲಿ ಹುದ್ದೆಗಳ ಸಮಸ್ಯೆ ಹಳೆಯದು. ಎಷ್ಟೋ ಕಡೆ ಪಾಠ ನಡೆಯುವುದು 'ಸಿಎಚ್‌ಬಿ' ಅಧ್ಯಾಪಕರಿಂದ. ಅವರಿಗೆ ಸಂಬಳ ಸಿಗುವುದು ತರಗತಿಯಲ್ಲಿ ನಿಂತ ಗಂಟೆಗಳಿಗೆ. ಮನೆಗೆ ಒಯ್ದು ಓದುವ ನೋಟ್‌ಬುಕ್‌ಗಳ ಕಂತೆಗೆ ಯಾರೂ ಗಂಟೆ ಎಣಿಸುವುದಿಲ್ಲ. ಬೆಳಗ್ಗೆ ಕಲ್ಯಾಣ್‌ನಲ್ಲಿ ಒಂದು ಕಾಲೇಜು, ಮಧ್ಯಾಹ್ನ ಉಲ್ಲಾಸನಗರದಲ್ಲಿ ಇನ್ನೊಂದು ಎಂದು ಓಡುವ ಅಧ್ಯಾಪಕನಿಂದ ಪ್ರತಿ ಬರಹಕ್ಕೂ ಟಿಪ್ಪಣಿ ನಿರೀಕ್ಷಿಸುವುದು ಅನ್ಯಾಯ.

ಆದರೆ ಎಲ್ಲವನ್ನೂ ಅಧ್ಯಾಪಕರೇ ಓದಬೇಕೆಂದಿಲ್ಲ. ವಿದ್ಯಾರ್ಥಿಗಳು ನಾಲ್ವರ ಗುಂಪಾಗಿ ಪರಸ್ಪರರ ಬರಹ ಓದಿ ಎರಡು ಸಾಲು ಬರೆಯಬಹುದು. ಅಧ್ಯಾಪಕರು ವಾರಕ್ಕೆ 20 ಬರಹಗಳನ್ನು ಮಾತ್ರ ಆರಿಸಿ ಗಮನವಿಟ್ಟು ಓದಬಹುದು. ಒಂದು ತರಗತಿಗೆ ಅದು ಒಂದು ಗಂಟೆ ನಲವತ್ತು ನಿಮಿಷದ ಕೆಲಸ. ಆರು ವಾರಗಳಲ್ಲಿ 120 ಮಂದಿಯ ಸರದಿಯೂ ಒಮ್ಮೆ ಮುಗಿಯುತ್ತದೆ, ಹದಿನೈದು ವಾರಗಳ ಸೆಮಿಸ್ಟರ್‌ನಲ್ಲಿ ಎರಡು ಸುತ್ತು ಆಗುತ್ತದೆ. ತನ್ನ ಸರದಿ ಯಾವ ವಾರ ಎಂದು ಮೊದಲೇ ತಿಳಿಯದಿದ್ದರೆ ವಿದ್ಯಾರ್ಥಿ ಪ್ರತಿ ವಾರ ಬರೆಯುತ್ತಾನೆ. ಅಂಕ ಕೊಡುವುದು ತಾನೇ ಆರಿಸಿ ತಿದ್ದಿದ ನಾಲ್ಕು ಬರಹಗಳಿಗೆ ಮಾತ್ರ.

ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಬೇಕಾಗಿರುವುದು ವೇಳಾಪಟ್ಟಿಯಲ್ಲಿ ಓದಿಗೊಂದು ಪೀರಿಯಡ್ ಮತ್ತು ಸಿಎಚ್‌ಬಿ ಅಧ್ಯಾಪಕರಿಗೆ ಆ ಪೀರಿಯಡ್‌ನ ಸಂಬಳ. ಪಠ್ಯಕ್ರಮ, ಮೌಲ್ಯಮಾಪನ ಎರಡರಲ್ಲೂ ಸ್ವಾತಂತ್ರ್ಯವಿರುವ ಕಲ್ಯಾಣ್‌ನ ಬಿ.ಕೆ. ಬಿರ್ಲಾ ಕಾಲೇಜು, ಥಾಣೆಯ ಬಾಂದೋಡ್ಕರ್ ವಿಜ್ಞಾನ ಕಾಲೇಜು, ವಾಶಿಯ ಕರ್ಮವೀರ ಭಾವೂರಾವ್ ಪಾಟೀಲ್ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಿಗೆ ಇಂಥ ಬದಲಾವಣೆ ಸುಲಭ. ಸಣ್ಣ ಸಂಯೋಜಿತ ಕಾಲೇಜುಗಳಿಗೆ ವಿವಿಯ ಅನುಮತಿ ಮತ್ತು ಬೆಂಬಲ ಬೇಕು.

ಯಾವ ಭಾಷೆಯಲ್ಲಿ ಬರೆಯಬೇಕು?

ಡೊಂಬಿವಲಿಯ ಒಂದು ಬೆಂಚಿನಲ್ಲಿ ಮರಾಠಿ, ಕನ್ನಡ, ಗುಜರಾತಿ, ಮಲಯಾಳಂ ಮನೆಮಾತಿನ ನಾಲ್ವರು ಕೂತಿರುವುದು ಅಪರೂಪವಲ್ಲ. ಮನೆಯಲ್ಲಿ ಒಂದು ಭಾಷೆ, ಲೋಕಲ್ ರೈಲಿನಲ್ಲಿ ಇನ್ನೊಂದು, ಪರೀಕ್ಷೆಯಲ್ಲಿ ಇಂಗ್ಲಿಷ್. ವಿಷಯ ತಿಳಿದಿದ್ದರೂ ಇಂಗ್ಲಿಷ್ ವಾಕ್ಯ ಕಟ್ಟಲಾಗದೆ ಗೈಡ್‌ನ ಸಾಲುಗಳಿಗೆ ಮೊರೆಹೋಗುವವರೇ ಹೆಚ್ಚು. ನಕಲಿಗೆ ಸೋಮಾರಿತನಕ್ಕಿಂತ ಭಾಷೆಯ ಭಯವೇ ಎಷ್ಟೋ ಸಲ ಕಾರಣ.

ಕೋರ್ಸ್ ಇಂಗ್ಲಿಷ್ ಮಾಧ್ಯಮದಲ್ಲಿದ್ದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತ್ತು. ದೊಡ್ಡ ಪರೀಕ್ಷೆಯಲ್ಲಿ ಅದು ತೊಡಕಿನ ಕೆಲಸವಿರಬಹುದು. ವಾರದ ಬರಹದಲ್ಲಿ ಸುಲಭ. ಮೊದಲ ಕರಡು ಮನೆಮಾತಿನಲ್ಲಿ, ಅಂತಿಮ ರೂಪ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಎಂದರೆ ಸಾಕು. ಅಜ್ಜನ ಹೋಟೆಲ್ ಕಥೆ ಕನ್ನಡದಲ್ಲೇ ಮೊದಲು ಮೂಡಲಿ. ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬೈ ವಿವಿಯ ಕನ್ನಡ ವಿಭಾಗಕ್ಕೂ, ಡೊಂಬಿವಲಿಯಿಂದ ವಾಶಿವರೆಗಿನ ಕನ್ನಡ ಸಂಘಗಳಿಗೂ ಇಂಥ ಬರಹಗಳನ್ನು ಓದುವ ಕೆಲಸದಲ್ಲಿ ಕೈಜೋಡಿಸಲು ಅವಕಾಶವಿದೆ.

ಎಲ್ಲರ ಕಣ್ಣಿಗೂ ಬೀಳಬೇಕೆ?

ಬರಹವನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಸಿದರೆ ವಿದ್ಯಾರ್ಥಿ ಹೆಚ್ಚು ಎಚ್ಚರದಿಂದ ಬರೆಯುತ್ತಾನೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಅಪಾಯವೂ ಇದೆ. ಮೊದಲ ವರ್ಷದ ಪದವಿಯಲ್ಲಿ 18 ತುಂಬದವರೂ ಇರುತ್ತಾರೆ, ಅವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹೆಸರು, ಫೋಟೋ, ಊರಿನೊಂದಿಗೆ ಬರೆದ ಹುಡುಗಿಗೆ ಅಪರಿಚಿತರ ಕಾಟ ಶುರುವಾಗಬಹುದು. ಹದಿನೆಂಟನೇ ವಯಸ್ಸಿನಲ್ಲಿ ಬರೆದ ಹಸಿ ಅಭಿಪ್ರಾಯ ಇಪ್ಪತ್ತೆಂಟರಲ್ಲಿ ಕೆಲಸಕ್ಕೆ ಅಡ್ಡಿಯಾಗಬಹುದು.

ಹಾಗಾಗಿ ತರಗತಿಯೊಳಗಿನ ಓದು ಕಡ್ಡಾಯ, ಹೊರಗೆ ಪ್ರಕಟಿಸುವುದು ವಿದ್ಯಾರ್ಥಿಯ ಇಷ್ಟ ಎಂಬುದೇ ಸರಿಯಾದ ಗೆರೆ. ಪ್ರಕಟಿಸಲಿಲ್ಲವೆಂದು ಅಂಕ ಕಡಿಯಬಾರದು.

ಬರಹಗಳ ಕಡತ ಉಳಿಯುವುದರಿಂದ ಇನ್ನೊಂದು ಲಾಭವೂ ಇದೆ. 40 ಅಂಕ ಅಧ್ಯಾಪಕರ ಕೈಗೆ ಬಂದಾಗ ವಿದ್ಯಾರ್ಥಿಗೆ ಪಕ್ಷಪಾತದ ಭಯ, ಅಧ್ಯಾಪಕರಿಗೆ ಅಂಕ ಏರಿಸುವಂತೆ ಒತ್ತಡದ ಭಯ. ಹದಿನೈದು ವಾರಗಳ ಬರಹ ಮತ್ತು ಅದರ ಮೇಲಿನ ಟಿಪ್ಪಣಿ ಕಣ್ಣೆದುರು ಇದ್ದರೆ ಇಬ್ಬರಿಗೂ ರಕ್ಷಣೆ. ವಿವಿ ಪ್ರತಿ ಕಾಲೇಜಿನಿಂದ ಕೆಲವು ಕಡತಗಳನ್ನು ತರಿಸಿ ನೋಡಿದರೂ ಸಾಕು, ಕೈತುಂಬ ಅಂಕ ಹಂಚುವ ಚಾಳಿಗೆ ಕಡಿವಾಣ ಬೀಳುತ್ತದೆ.

ಮುಂದೇನು?

ಸಂಯೋಜಿತ ಕಾಲೇಜುಗಳಲ್ಲಿ 2024–25ರಲ್ಲಿ ಹೊಸ ಪದ್ಧತಿಗೆ ಸೇರಿದ ಮೊದಲ ತಂಡ ಮೂರು ವರ್ಷದ ಪದವಿ ಮುಗಿಸುವುದು 2027ರಲ್ಲಿ. ಆಗ ಕೆಲಸ ಕೊಡುವವರು ಅವರ ಅಂಕಪಟ್ಟಿಯನ್ನು ಎಷ್ಟು ನಂಬುತ್ತಾರೆ ಎಂಬುದು ಈ 40 ಅಂಕಗಳ ಗಟ್ಟಿತನವನ್ನು ಅವಲಂಬಿಸಿದೆ. ನಂಬಿಕೆ ಹೋದರೆ ಹಿಂದೆ ಆದಂತೆ ಆಂತರಿಕ ಅಂಕ ಮತ್ತೆ 25ಕ್ಕೆ, ಮತ್ತೆ ಸೊನ್ನೆಗೆ ಇಳಿಯಲು ಹೆಚ್ಚು ದಿನ ಬೇಕಿಲ್ಲ.

ಅಲ್ಲಿಯವರೆಗೆ ಪೋಷಕರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. 'ಇಂಟರ್ನಲ್‌ನಲ್ಲಿ ಎಷ್ಟು ಬಂತು?' ಎಂದು ಕೇಳುವ ಬದಲು 'ನೀನು ಬರೆದದ್ದನ್ನು ಯಾರು ಓದಿದರು, ಏನು ಹೇಳಿದರು?' ಎಂದು ಮಕ್ಕಳನ್ನು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಕಾಲೇಜು ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. 'ಯಾರೂ ಓದಲಿಲ್ಲ, ಸಹಿ ಹಾಕಿ ಕೊಟ್ಟರು' ಎಂಬ ಉತ್ತರ ಬಂದರೆ, ಮುಂದಿನ ಪೋಷಕರ ಸಭೆಯಲ್ಲಿ ಎತ್ತಬೇಕಾದ ವಿಷಯ ಅದೇ.